‘ಸೆಟ್’ ಎಂಬ ಒಂದು ಮಾತು

ಈ ಭಾಷಣವನ್ನು ಕೇಳುತ್ತಿರುವವರ ಮುಂದೆ ಒಂದು ಪೆಟ್ಟಿಗೆಯಿದೆ. ಅದರಿಂದ ಹೊರಡುವ ದನಿಗೆ ನಾವು ‘ಆಕಾಶವಾಣಿ’ ಎಂಬ ಅಂದವಾದ ಹೆಸರನ್ನು ಒಪ್ಪಿಕೊಂಡಿದ್ದೇವೆ. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆರಂಭಿಸಿದ ನಿಲಯದ ಮೂಲಕ ಆ ಹೆಸರು ನಮ್ಮ ನಾಡಿನಲ್ಲಿ ಮನೆಮಾತಾಯಿತು. ಆದರೆ ದನಿಗೆ ಸಂಸ್ಕೃತದ ಹೆಸರು ದೊರೆತರೂ ಪೆಟ್ಟಿಗೆಯು ಇಂಗ್ಲಿಷಿನ ಹೆಸರಿನಲ್ಲಿಯೇ ಉಳಿಯಿತು. ಅದು ‘ರೇಡಿಯೋ ಸೆಟ್ಟು’. ಅದೇ ಮನೆಯ ಅಡಿಗೆಯ ಕೋಣೆಯಲ್ಲಿ ಕಾಫಿಯ ಬಟ್ಟಲುಗಳ ಸೆಟ್ಟು ಇರುತ್ತದೆ. ಮೂಲೆಯ ಹೋಟಲಿನಲ್ಲಿ ಸೆಟ್ ದೋಸೆ ದೊರೆಯುತ್ತದೆ. ಹಳ್ಳಿಯ ತೋಟದಲ್ಲಿ ಪಂಪ್‌ಸೆಟ್ಟು ನೀರೆತ್ತುತ್ತದೆ. ಚಲನಚಿತ್ರದವರು ಸೆಟ್ಟನ್ನು ಹಾಕುತ್ತಾರೆ. ಟೆನ್ನಿಸ್ ಆಡುವವರು ಸೆಟ್ಟನ್ನು ಗೆಲ್ಲುತ್ತಾರೆ. ಇಂಗ್ಲಿಷಿನ ಒಂದು ಅಕ್ಷರವನ್ನೂ ಓದದವರ ಬಾಯಲ್ಲಿಯೂ ಈ ಮಾತು ಸಲೀಸಾಗಿ ಓಡಾಡುತ್ತದೆ. ಮೂರೇ ಅಕ್ಷರಗಳ ಈ ಮಾತಿಗೆ ಇಷ್ಟೊಂದು ಭಾರವನ್ನು ಹೊರುವ ಶಕ್ತಿ ಎಲ್ಲಿಂದ ಬಂದಿತು? ಇದನ್ನು ಸ್ವಲ್ಪ ವಿಚಾರಮಾಡುವುದು ಈ ಹೊತ್ತಿನ ನಮ್ಮ ಉದ್ದೇಶ.

ಇಂಗ್ಲಿಷನ್ನು ಕಲಿಯತೊಡಗಿದ ದಿನಗಳಲ್ಲಿ ನಮಗೆಲ್ಲ ಒಂದು ದೃಢವಾದ ನಂಬಿಕೆಯಿತ್ತು. ಒಂದು ಇಂಗ್ಲಿಷ್ ಮಾತಿಗೆ ಒಂದು ಕನ್ನಡ ಮಾತು ಸರಿಯಾಗಿ ಜೋಡಿಯಾಗಿರುತ್ತದೆ, ಅವುಗಳನ್ನು ಉರುಹಚ್ಚಿದರೆ ಭಾಷೆ ಕೈವಶವಾದಂತೆಯೇ ಸರಿ ಎಂದು ತಿಳಿದಿದ್ದೆವು. ಪುಸ್ತಕದ ಹಾಳೆಯ ನಡುವೆ ಒಂದು ಗೆರೆಯನ್ನೆಳೆದು, ಎಡಗಡೆ ಇಂಗ್ಲಿಷು, ಬಲಗಡೆ ಕನ್ನಡ ಎಂದು ಬರೆದುಕೊಳ್ಳುತ್ತಿದ್ದೆವು. ಆ ಗೆರೆಯ ಆಚೆ ಈಚೆ ‘ಸೆಟ್’ ಮತ್ತು ‘ಇಡು’ ಎಂಬೆರಡು ಮಾತುಗಳು ನಿಶ್ಚಿಂತೆಯಿಂದ ಕುಳಿತಿದ್ದವು. ಒಂದು ದಿನ ಪಾಠದಲ್ಲಿ ಸೂರ್ಯಾಸ್ತದ ವರ್ಣನೆ ಬಂದಿತು. ಅಲ್ಲಿಯೂ ಇದೇ ಕ್ರಿಯಾಪದ. ನಮ್ಮ ಪಕ್ಕದ ಹುಡುಗನು ಎದ್ದು ನಿಂತು, ‘ಸೂರ್ಯನು ಪಶ್ಚಿಮದಲ್ಲಿ ಇಟ್ಟನು’ ಎಂದು ಧೈರ್ಯವಾಗಿ ಅನುವಾದಮಾಡಿಬಿಟ್ಟನು. ತರಗತಿಯೆಲ್ಲ ನಕ್ಕಿತು. ಮೇಷ್ಟರು ಮಾತ್ರ ನಗಲಿಲ್ಲ. ‘ಏನನ್ನು ಇಟ್ಟನಪ್ಪ?’ ಎಂದು ಕೇಳಿದರು. ಹುಡುಗನು ಸ್ವಲ್ಪ ತಡೆದು, ‘ತನ್ನನ್ನೇ ಇಟ್ಟುಕೊಂಡ, ಸಾರ್’ ಎಂದನು. ನಗು ಇಮ್ಮಡಿಯಾಯಿತು. ಆ ಉತ್ತರದಲ್ಲಿ ನಾವು ತಿಳಿದಿದ್ದುದಕ್ಕಿಂತ ಹೆಚ್ಚಿನ ಸತ್ಯವಿತ್ತೆಂಬುದು ನಮಗೆ ಅರಿವಾದದ್ದು ಬಹುಕಾಲದ ಮೇಲೆ.

ಈ ಮಾತಿನ ಅರ್ಥಗಳನ್ನು ಎಣಿಸಹೊರಟವರು ಪಟ್ಟ ಪಾಡು ದೊಡ್ಡದು. ಇಂಗ್ಲಿಷ್ ಭಾಷೆಗೆ ಒಂದು ಸಮಗ್ರವಾದ ನಿಘಂಟು ಬೇಕೆಂಬ ಆಲೋಚನೆಯನ್ನು ಲಂಡನ್ನಿನ ಭಾಷಾಶಾಸ್ತ್ರ ಸಂಘದವರು 1857ರಲ್ಲಿ ಕೈಗೆತ್ತಿಕೊಂಡರು. 1879ರಲ್ಲಿ ಜೇಮ್ಸ್ ಮರ್ರೆ ಎಂಬ ಸ್ಕಾಟ್ಲೆಂಡಿನ ಉಪಾಧ್ಯಾಯರು ಅದರ ಸಂಪಾದಕರಾದರು. ತಗಡಿನ ಗೋಡೆಯ ಒಂದು ಷೆಡ್ಡಿನಲ್ಲಿ ಕುಳಿತು, ನೂರಾರು ಮಂದಿ ವಾಚಕರು ಹಳೆಯ ಹೊಸ ಗ್ರಂಥಗಳಿಂದ ಆರಿಸಿ ಚೀಟಿಗಳ ಮೇಲೆ ಬರೆದು ಕಳುಹಿಸಿದ ವಾಕ್ಯಗಳನ್ನು ಅವರು ವಿಂಗಡಿಸತೊಡಗಿದರು. 1884ರಲ್ಲಿ ಮೊದಲ ಸಂಚಿಕೆ ಹೊರಬಂದಿತು. ಕೆಲಸ ಮುಗಿದದ್ದು 1928ರಲ್ಲಿ. ಅಷ್ಟು ಹೊತ್ತಿಗೆ ಮರ್ರೆಯವರು ತೀರಿಹೋಗಿ 13 ವರ್ಷಗಳಾಗಿದ್ದವು. ಆ ಆಕ್ಸ್‌ಫರ್ಡ್ ನಿಘಂಟಿನಲ್ಲಿ ನಾಲ್ಕು ಲಕ್ಷವನ್ನು ಮೀರಿದ ಮಾತುಗಳೂ ಹದಿನೆಂಟು ಲಕ್ಷವನ್ನು ಮೀರಿದ ಉದಾಹರಣೆಗಳೂ ಇದ್ದವು.

‘ಸೆಟ್’ ಬರುವ ಭಾಗವನ್ನು ಸಂಪಾದಿಸಿದವರು ಹೆನ್ರಿ ಬ್ರಾಡ್ಲಿ ಎಂಬ ವಿದ್ವಾಂಸರು. ಈ ಒಂದು ಕ್ರಿಯಾಪದಕ್ಕೆ ಅಲ್ಲಿ 18 ದೊಡ್ಡ ಪುಟಗಳು ಬೇಕಾದವು. 154 ಮುಖ್ಯ ವಿಭಾಗಗಳಾದವು. ಕೊನೆಯ ವಿಭಾಗವಾದ ‘ಸೆಟ್ ಅಪ್’ ಎಂಬುದರ ಒಳವಿಭಾಗಗಳನ್ನು ಗುರುತಿಸಲು ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳೂ ಸಾಲದೆ, ಅಕ್ಷರಮಾಲೆಯನ್ನು ಮತ್ತೆ ಮೊದಲಿನಿಂದ ಎರಡೆರಡಾಗಿ ಬಳಸಿಕೊಳ್ಳಬೇಕಾಯಿತು. 1989ರ ಎರಡನೆಯ ಮುದ್ರಣದಲ್ಲಿ ಇದರ ಅರ್ಥಗಳ ಸಂಖ್ಯೆ ಸುಮಾರು 430ಕ್ಕೆ ಏರಿತು. 2011ರ ಹೊತ್ತಿಗೆ ನಡೆದ ಪರಿಷ್ಕರಣದಲ್ಲಿ ‘ರನ್’ ಎಂಬ ಕ್ರಿಯಾಪದಕ್ಕೆ 645 ಅರ್ಥಗಳನ್ನು ಎಣಿಸಿ, ಅದಕ್ಕೆ ಅಗ್ರಪೀಠವನ್ನು ಕೊಟ್ಟರು. ಓಡುವ ಮಾತು ಕೂರುವ ಮಾತನ್ನು ಹಿಂದೆ ಹಾಕಿದ್ದು ಯಂತ್ರಗಳ ಯುಗಕ್ಕೆ ಸಹಜವೇ ಆಗಿದೆ.

ಆದರೆ ಎಣಿಸುವುದು ಬೇರೆ, ತಿಳಿಯುವುದು ಬೇರೆ. ನಾನೂರು ಅರ್ಥಗಳನ್ನು ಯಾವ ಇಂಗ್ಲಿಷಿನವನೂ ಬಾಯಿಪಾಠ ಮಾಡಿರುವುದಿಲ್ಲ. ಆರು ವರ್ಷದ ಇಂಗ್ಲಿಷ್ ಮಗುವು ಈ ಮಾತನ್ನು ಹತ್ತಾರು ಬಗೆಯಲ್ಲಿ ತಪ್ಪಿಲ್ಲದೆ ಪ್ರಯೋಗಿಸುತ್ತದೆ. ಹಾಗಾದರೆ ಆ ಮಗುವಿನ ಮನಸ್ಸಿನಲ್ಲಿರುವುದು ಅರ್ಥಗಳ ರಾಶಿಯಲ್ಲ. ಅದಕ್ಕೂ ಆಳದಲ್ಲಿ ಒಂದು ಚಿತ್ರವಿದ್ದು, ಆ ಚಿತ್ರವು ಸಂದರ್ಭಕ್ಕೆ ತಕ್ಕ ಹಾಗೆ ಬಣ್ಣವನ್ನು ಬದಲಾಯಿಸುತ್ತಿರಬೇಕು. ಆ ಚಿತ್ರ ಯಾವುದು?

ಸಾವಿರ ವರ್ಷಗಳ ಹಿಂದಣ ಇಂಗ್ಲಿಷಿನಲ್ಲಿ ‘ಸಿಟ್ಟನ್’ ಎಂದರೆ ಕುಳಿತುಕೊಳ್ಳು. ‘ಸೆಟ್ಟನ್’ ಎಂದರೆ ಕುಳಿತುಕೊಳ್ಳುವ ಹಾಗೆ ಮಾಡು. ಒಂದು ಸ್ವರ ಬದಲಾದರೆ ತಾನೇ ಮಾಡುವ ಕ್ರಿಯೆಯು ಇನ್ನೊಬ್ಬರಿಂದ ಮಾಡಿಸುವ ಕ್ರಿಯೆಯಾಗುತ್ತಿತ್ತು. ಇಂದಿನ ಇಂಗ್ಲಿಷಿನಲ್ಲಿ ಆ ಪದ್ಧತಿಯ ಅವಶೇಷಗಳು ಮಾತ್ರ ಉಳಿದಿವೆ. ‘ಫಾಲ್’ ಎಂದರೆ ಬೀಳು, ‘ಫೆಲ್’ ಎಂದರೆ ಮರವನ್ನು ಬೀಳಿಸು. ‘ಡ್ರಿಂಕ್’ ಎಂದರೆ ಕುಡಿ, ‘ಡ್ರೆಂಚ್’ ಎಂಬುದು ಮೊದಲು ಕುಡಿಸು ಎಂದಿದ್ದು, ಆಮೇಲೆ ತೊಯ್ಯಿಸು ಎಂದಾಯಿತು. ಇವೆರಡೂ ಒಂದೇ ಮಾತಿನ ಎರಡು ರೂಪಗಳೆಂಬುದನ್ನು ಇಂಗ್ಲಿಷಿನವರೇ ಮರೆತಿದ್ದಾರೆ. ಕನ್ನಡದಲ್ಲಿಯಾದರೋ ಈ ಪದ್ಧತಿ ಇಂದಿಗೂ ಜೀವಂತವಾಗಿದೆ. ನಡೆ, ನಡೆಸು; ಕುಡಿ, ಕುಡಿಸು; ಇರು, ಇರಿಸು. ಹಾಗೆಯೇ ಕೂರು, ಕೂರಿಸು. ಆದ್ದರಿಂದ ‘ಸೆಟ್’ ಎಂಬುದಕ್ಕೆ ನಮ್ಮ ಪುಸ್ತಕದ ಬಲಗಡೆಯಲ್ಲಿ ಬರೆಯಬೇಕಾಗಿದ್ದ ಮೊದಲ ಮಾತು ‘ಇಡು’ ಅಲ್ಲ, ‘ಕೂರಿಸು’.

ಈ ಕೀಲಿಕೈ ಎಷ್ಟು ಬಾಗಿಲುಗಳನ್ನು ತೆರೆಯುತ್ತದೆಂಬುದನ್ನು ನೋಡಿರಿ. ಅಕ್ಕಸಾಲಿಗನು ಉಂಗುರದಲ್ಲಿ ಹರಳನ್ನು ಏನು ಮಾಡುತ್ತಾನೆ? ಕೂರಿಸುತ್ತಾನೆ, ಇಂಗ್ಲಿಷಿನಲ್ಲಿ ಅದು ‘ಸೆಟ್’. ಮುರಿದ ಮೂಳೆಯನ್ನು ವೈದ್ಯನು ಸ್ವಸ್ಥಾನಕ್ಕೆ ತಂದು ಕೂರಿಸುತ್ತಾನೆ, ಅದೂ ‘ಸೆಟ್’. ಹಳ್ಳಿಯ ಹೆಂಗಸು ಮೊಟ್ಟೆಗಳ ಮೇಲೆ ಕೋಳಿಯನ್ನು ಕಾವಿಗೆ ಕೂರಿಸುತ್ತಾಳೆ. ಇಂಗ್ಲೆಂಡಿನ ರೈತನ ಹೆಂಡತಿ ಮಾಡುವ ಅದೇ ಕೆಲಸಕ್ಕೆ ಅದೇ ಹೆಸರು. ಹಾಡಿನ ಮಾತುಗಳನ್ನು ಒಂದು ಮಟ್ಟಿಗೆ ಕೂರಿಸುವುದಕ್ಕೂ ಇಂಗ್ಲಿಷಿನವರು ‘ಸೆಟ್’ ಎನ್ನುತ್ತಾರೆ. ಭಾದ್ರಪದದಲ್ಲಿ ನಾವು ಗಣಪತಿಯನ್ನು ಕೂರಿಸುತ್ತೇವೆ. ಉತ್ತರದ ಕಡೆಯವರು ಕೂಡ್ರಿಸುತ್ತಾರೆ. ನವರಾತ್ರಿ ಬಂದಿತೆಂದರೆ ಮೈಸೂರು ಸೀಮೆಯ ಮನೆಗಳಲ್ಲಿ ಗೊಂಬೆಗಳನ್ನು ಕೂರಿಸುತ್ತಾರೆ. ಆ ಗೊಂಬೆಗಳಲ್ಲಿ ನಿಂತಿರುವ ಪಟ್ಟದ ಗೊಂಬೆಗಳೂ ಉಂಟು, ಓಡುವ ಕುದುರೆಗಳೂ ಉಂಟು. ಆದರೂ ಎಲ್ಲವನ್ನೂ ನಾವು ‘ಕೂರಿಸಿದೆವು’ ಎಂದೇ ಹೇಳುತ್ತೇವೆ, ಯಾರೂ ಅದನ್ನು ತಪ್ಪೆನ್ನುವುದಿಲ್ಲ. ತಕ್ಕ ವಸ್ತುವನ್ನು ತಕ್ಕ ಸ್ಥಾನದಲ್ಲಿ ತಕ್ಕ ರೀತಿಯಲ್ಲಿ ನೆಲೆಗೊಳಿಸುವುದು, ಇದೇ ಆ ಚಿತ್ರ.

ಕೂರಿಸಿದ್ದು ಅಲುಗದೆ ನಿಲ್ಲುತ್ತದೆ. ಆದ್ದರಿಂದ ಗೊತ್ತುಪಡಿಸಿದ ಬೆಲೆ, ಗೊತ್ತುಪಡಿಸಿದ ದಿನ, ಬದಲಾಗದ ಅಭಿಪ್ರಾಯ, ಇವೆಲ್ಲ ‘ಸೆಟ್’ ಆದವು. ದ್ರವವಾಗಿದ್ದುದು ಗಟ್ಟಿಯಾಗಿ ನಿಂತರೆ ಅದೂ ‘ಸೆಟ್’. ಹಾಲು ಮೊಸರಾಗುವುದು, ಗಾರೆಯೂ ಸಿಮೆಂಟೂ ಬಿಗಿಯುವುದು, ಎಲ್ಲ ಇಲ್ಲಿ ಸೇರುತ್ತವೆ. ಇನ್ನು, ಒಂದೊಂದನ್ನೂ ಅದರದರ ಸ್ಥಾನದಲ್ಲಿ ಕೂರಿಸುವುದೆಂದರೆ ಸಿದ್ಧಪಡಿಸುವುದೆಂದೇ ಅರ್ಥ. ಊಟದ ಮೇಜನ್ನು ಅಣಿಮಾಡುವುದು, ಬೇಟೆಗಾರನು ಬಲೆಯೊಡ್ಡುವುದು, ಮುದ್ರಣಾಲಯದಲ್ಲಿ ಅಚ್ಚಿನ ಮೊಳೆಗಳನ್ನು ಜೋಡಿಸುವುದು, ಪರೀಕ್ಷಕರು ಪ್ರಶ್ನಪತ್ರಿಕೆಯನ್ನು ತಯಾರಿಸುವುದು, ಗಡಿಯಾರವನ್ನು ಸರಿಯಾದ ವೇಳೆಗೆ ತಿರುಗಿಸಿಡುವುದು, ಇವೆಲ್ಲವೂ ಆ ಒಂದೇ ಮಾತಿನ ವಶವಾದವು. ಬಡಗಿಯು ಗರಗಸದ ಹಲ್ಲುಗಳನ್ನು ಒಂದನ್ನು ಎಡಕ್ಕೂ ಮತ್ತೊಂದನ್ನು ಬಲಕ್ಕೂ ಬಾಗಿಸಿಕೊಳ್ಳುತ್ತಾನಷ್ಟೆ. ಹಾಗೆ ಮಾಡದಿದ್ದರೆ ಗರಗಸವು ಮರದಲ್ಲಿ ಸಿಕ್ಕಿಕೊಳ್ಳುತ್ತದೆ. ಆ ಸಣ್ಣ ಕೆಲಸಕ್ಕೂ ಇಂಗ್ಲಿಷಿನ ಬಡಗಿಯು ಬೇರೊಂದು ಹೆಸರನ್ನು ಹುಡುಕಲಿಲ್ಲ.

ಇಲ್ಲಿಯವರೆಗೆ ದಾರಿ ಸುಗಮ. ಮುಂದೆ ಒಂದು ಸೋಜಿಗ ಎದುರಾಗುತ್ತದೆ. ಕೂರಿಸು, ನಿಲ್ಲಿಸು, ಬಿಗಿಮಾಡು ಎಂದು ಹೇಳುವ ಈ ಮಾತೇ ‘ಹೊರಡು’ ಎಂದೂ ಹೇಳುತ್ತದೆ. ಪ್ರಯಾಣಿಕನು ಮನೆಯಿಂದ ಹೊರಟರೆ ‘ಸೆಟ್ ಔಟ್’. ಪಟಾಕಿಯನ್ನು ಹಾರಿಸಿದರೆ ‘ಸೆಟ್ ಆಫ್’. ಮಳೆ ಹಿಡಿದರೆ ‘ಸೆಟ್ ಇನ್’. ಸೆರೆಯಾಳನ್ನು ಬಿಟ್ಟರೆ ‘ಸೆಟ್ ಫ್ರೀ’. ಕಟ್ಟುವ ಮಾತು ಬಿಚ್ಚುವ ಮಾತೂ ಆದದ್ದು ಹೇಗೆ? ಇದಕ್ಕೆ ಉತ್ತರವನ್ನು ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ‘ಇಡು’ ಎಂಬ ಮಾತನ್ನೇ ನೋಡಬಹುದು. ಇಟ್ಟದ್ದು ಇದ್ದಲ್ಲಿಯೇ ಇರಬೇಕು. ಆದರೂ ಮಗುವು ಹೆಜ್ಜೆಯಿಡುತ್ತದೆ, ಶತ್ರುವು ದಾಳಿಯಿಡುತ್ತಾನೆ, ನೊಂದವನು ಮೊರೆಯಿಡುತ್ತಾನೆ. ಇಡುವುದರಲ್ಲಿ ನಿಲ್ಲಿಸುವ ಅಂಶವಿರುವಂತೆಯೇ ತೊಡಗಿಸುವ ಅಂಶವೂ ಇದೆ. ಒಂದು ವಸ್ತುವನ್ನು ಒಂದು ಸ್ಥಿತಿಯಲ್ಲಿ ತಂದಿರಿಸಿದ ಮೇಲೆ, ಆ ಸ್ಥಿತಿಯು ನಿಲುಗಡೆಯಾದರೆ ಅದು ನಿಲ್ಲುತ್ತದೆ, ಚಲನೆಯಾದರೆ ಚಲಿಸುತ್ತದೆ. ಯಾವುದೆಂಬುದನ್ನು ಹೇಳುವುದು ‘ಸೆಟ್’ ಅಲ್ಲ. ಅದರ ಪಕ್ಕದಲ್ಲಿ ಕುಳಿತಿರುವ ಪುಟ್ಟ ಮಾತು.

ಈಗ ಆ ಹುಡುಗನ ಸೂರ್ಯನ ವಿಷಯ. ಕನ್ನಡದ ಸೂರ್ಯನು ಮುಳುಗುತ್ತಾನೆ, ಕಂತುತ್ತಾನೆ. ‘ಪಡುವಣ’ ಎಂಬ ದಿಕ್ಕಿನ ಹೆಸರಿನಲ್ಲಿಯೂ ಬೀಳುವ, ಇಳಿಯುವ ಭಾವವೇ ಅಡಗಿದೆ. ಹಳೆಯ ಇಂಗ್ಲಿಷಿನಲ್ಲಿಯಾದರೋ ಸಂಜೆಯ ಹೊತ್ತಿಗೆ ‘ಸೂರ್ಯನು ಪೀಠಕ್ಕೆ ಹೋಗುವ ವೇಳೆ’ ಎಂಬರ್ಥದ ಒಂದು ಸಮಾಸವಿದ್ದಿತು. ಹಗಲೆಲ್ಲ ನಡೆದು ದಣಿದವನು ಸಂಜೆಗೆ ತನ್ನ ಆಸನವನ್ನು ಸೇರಿ ಕುಳಿತುಕೊಳ್ಳುತ್ತಾನೆ. ಅದೇ ಅವರ ‘ಸನ್‌ಸೆಟ್’. ‘ತನ್ನನ್ನೇ ಇಟ್ಟುಕೊಂಡ, ಸಾರ್’ ಎಂದ ಹುಡುಗನು ನಿಜದಿಂದ ಎರಡೇ ಹೆಜ್ಜೆಯ ದೂರದಲ್ಲಿದ್ದನು. ಅವನನ್ನು ನೋಡಿ ನಕ್ಕ ನಾವು ಆ ದಾರಿಯಲ್ಲಿ ಹೆಜ್ಜೆಯನ್ನೇ ಇಟ್ಟಿರಲಿಲ್ಲ.

ಹಾಗಾದರೆ ರೇಡಿಯೋ ಸೆಟ್ಟು, ಕಾಫಿಯ ಸೆಟ್ಟು, ಸೆಟ್ ದೋಸೆ? ಅವುಗಳನ್ನು ಯಾರು ಎಲ್ಲಿ ಕೂರಿಸಿದರು? ಇಲ್ಲಿ ನಾವು ಎಚ್ಚರವಾಗಿರಬೇಕು. ಇದು ಬೇರೆ ಬೆಟ್ಟದಲ್ಲಿ ಹುಟ್ಟಿದ ಹೊಳೆ. ಲ್ಯಾಟಿನ್ನಿನಲ್ಲಿ ‘ಸೆಕ್ಟ’ ಎಂದರೆ ಒಬ್ಬನನ್ನು ಅನುಸರಿಸುವವರ ಪಂಥ. ಅದು ಹಳೆಯ ಫ್ರೆಂಚಿನಲ್ಲಿ ಸವೆದು ‘ಸೆಟ್’ ಎಂಬ ರೂಪವನ್ನು ತಾಳಿ, ಇಂಗ್ಲಿಷಿಗೆ ಬಂದು, ಒಂದು ಗುಂಪಿನ ಜನ ಎಂದು ಅರ್ಥವಾಗಿ, ಮುಂದೆ ಒಟ್ಟಿಗೆ ಸೇರಿದ ವಸ್ತುಗಳಿಗೂ ಅನ್ವಯಿಸಿತು. ಬಂದ ಮೇಲೆ ಅದು ಮನೆಯಲ್ಲಿ ಮೊದಲೇ ಇದ್ದ ‘ಸೆಟ್’ನೊಡನೆ ಬೆರೆತುಹೋಯಿತು; ಎರಡು ಹೊಳೆಗಳ ನೀರು ಕೂಡಿದ ಮೇಲೆ ಬೇರ್ಪಡಿಸುವುದು ಕಷ್ಟ. ಹಲವು ಬಿಡಿಭಾಗಗಳು ಒಂದಾಗಿ ಕೂಡಿದ್ದರಿಂದ ರೇಡಿಯೋ ಪೆಟ್ಟಿಗೆಯು ‘ಸೆಟ್’ ಆಯಿತು. ರಂಗದ ಮೇಲೆ ಅಣಿಮಾಡಿ ನಿಲ್ಲಿಸಿದ್ದರಿಂದ ನಾಟಕದ ‘ಸೆಟ್’ ಆಯಿತು. ಗಣಿತಶಾಸ್ತ್ರವೂ ಈ ಸಮೂಹದ ಅರ್ಥವನ್ನೇ ಹಿಡಿಯಿತು. ಜರ್ಮನಿಯ ಗೇಯಾರ್ಗ್ ಕ್ಯಾಂಟರನು ಬೇರೆಬೇರೆಯಾಗಿ ಗುರುತಿಸಬಲ್ಲ ವಸ್ತುಗಳನ್ನು ಒಂದೇ ಸಮಷ್ಟಿಯಾಗಿ ಭಾವಿಸುವ ತನ್ನ ಸಿದ್ಧಾಂತವನ್ನು 1874ರಿಂದ ಮುಂದಕ್ಕೆ ಬೆಳೆಸಿದನು. ಅವನು ಜರ್ಮನ್ನಿನಲ್ಲಿ ‘ಮೆಂಗೆ’ ಎಂದದ್ದನ್ನು ಇಂಗ್ಲಿಷಿನವರು ‘ಸೆಟ್’ ಎಂದರು. ನಮ್ಮ ಪಠ್ಯಪುಸ್ತಕಗಳು ‘ಗಣ’ವೆಂದವು. ಇಲ್ಲಿ ‘ಕೂರಿಸು’ ಎಂಬ ಕೀಲಿಕೈ ನಡೆಯುವುದಿಲ್ಲ. ಯಾವ ಬೀಗಕ್ಕೆ ಯಾವ ಕೀಲಿಯೆಂದು ತಿಳಿದಿರುವುದೂ ವಿದ್ಯೆಯ ಒಂದು ಭಾಗ.

ಇಲ್ಲಿ ಒಂದು ನೆಂಟಸ್ತನವನ್ನು ಹೇಳದೆ ಮುಂದೆ ಹೋಗಲಾಗದು. ಸಂಸ್ಕೃತದಲ್ಲಿ ‘ಸದ್’ ಎಂಬ ಧಾತುವಿಗೆ ಕುಳಿತುಕೊಳ್ಳು ಎಂದರ್ಥ. ‘ಸಾದಯತಿ’ ಎಂದರೆ ಕೂರಿಸುತ್ತಾನೆ. ಇಂಗ್ಲಿಷಿನ ‘ಸಿಟ್’, ‘ಸೆಟ್’ಗಳೂ ಈ ‘ಸದ್’, ‘ಸಾದಯತಿ’ಗಳೂ ಒಂದೇ ಮೂಲದಿಂದ ಕವಲೊಡೆದವು. ಹತ್ತಿರ ಕುಳಿತು ಕೇಳುವುದು ಉಪನಿಷತ್ತು. ಸುತ್ತಲೂ ಕುಳಿತು ಚರ್ಚಿಸುವುದು ಪರಿಷತ್ತು. ಕುಳಿತುಕೊಳ್ಳುವ ಎಡೆ ಸದನ. ಕಲಕಿದ ನೀರು ಕುಳಿತು ತಿಳಿಯಾದರೆ ಅದು ಪ್ರಸಾದ; ಮನಸ್ಸು ಕುಸಿದು ಕುಳಿತರೆ ಅದು ವಿಷಾದ. ಹಕ್ಕಿ ಬಂದು ಕುಳಿತುಕೊಳ್ಳುವ ‘ನೀಡ’ವೂ ಇಂಗ್ಲಿಷಿನ ‘ನೆಸ್ಟ್’ ಎಂಬ ಗೂಡೂ ಒಡಹುಟ್ಟುಗಳು. 1915ರಲ್ಲಿ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತನ್ನು ಸ್ಥಾಪಿಸಿದ ಹಿರಿಯರು ತಮ್ಮ ಸಂಸ್ಥೆಯ ಹೆಸರಿನಲ್ಲಿ ‘ಸೆಟ್’ ಎಂಬುದರ ದೂರದ ದಾಯಾದಿಯೊಬ್ಬನನ್ನು ಕೂರಿಸಿದ್ದರೆಂದು ಹೇಳಿದರೆ ತಪ್ಪಾಗಲಾರದು. ಆದರೆ ನಮ್ಮ ‘ಕೂರಿಸು’ ಈ ಬಳಗಕ್ಕೆ ಸೇರಿದ್ದಲ್ಲ. ಕನ್ನಡವು ದ್ರಾವಿಡ ಭಾಷೆಗಳ ಬೇರೆಯ ಮನೆತನ. ಅದನ್ನು 1816ರಲ್ಲಿ ಎಲ್ಲಿಸ್‌ರವರೂ 1856ರಲ್ಲಿ ಕಾಲ್ಡ್‌ವೆಲ್‌ರವರೂ ತೋರಿಸಿಕೊಟ್ಟಿದ್ದಾರೆ. ರಕ್ತಸಂಬಂಧವಿಲ್ಲದ ಎರಡು ಭಾಷೆಗಳು ಹರಳನ್ನೂ ಮೂಳೆಯನ್ನೂ ಕೋಳಿಯನ್ನೂ ಒಂದೇ ರೀತಿಯಲ್ಲಿ ‘ಕೂರಿಸಿದವು’ ಎಂಬುದು ರಕ್ತಸಂಬಂಧಕ್ಕಿಂತಲೂ ಹೆಚ್ಚಿನ ವಿಸ್ಮಯ. ಕೈಕೆಲಸ ಮಾಡುವವರ ಅನುಭವ ಎಲ್ಲೆಡೆಯೂ ಒಂದೇ ಆದ್ದರಿಂದ ಹೀಗಾಗಿರಬೇಕು.

ಇದೆಲ್ಲ ವಿದ್ವಾಂಸರ ವಿನೋದ, ಸಂಸಾರಿಗಳಿಗೆ ಇದರಿಂದೇನು ಎಂದು ಕೆಲವರು ಕೇಳಬಹುದು. ಅವರಿಗೆ ನಾವು ಕಂಡ ಒಂದು ಸಂಗತಿಯನ್ನು ಹೇಳುತ್ತೇವೆ. ನಮ್ಮ ಪರಿಚಯದ ಹಳ್ಳಿಯ ಹಿರಿಯರೊಬ್ಬರಿಗೆ ಎರಡು ಎಕರೆ ಜಮೀನಿನ ವ್ಯಾಜ್ಯವಿತ್ತು. ಕೆಳಗಿನ ನ್ಯಾಯಾಲಯದಲ್ಲಿ ಡಿಕ್ರಿ ಅವರ ಕಡೆಗಾಯಿತು. ಎದುರು ಕಕ್ಷಿಯವರು ಅಪೀಲು ಹೋದರು. ಕೆಲವು ಕಾಲದ ಮೇಲೆ ತೀರ್ಪಿನ ಪ್ರತಿ ಬಂದಿತು, ಅದು ಇಂಗ್ಲಿಷಿನಲ್ಲಿತ್ತು. ಕಾಲೇಜಿನಲ್ಲಿ ಓದುತ್ತಿದ್ದ ಮೊಮ್ಮಗನು ಅದನ್ನು ಓದಿ, ಡಿಕ್ರಿಯನ್ನು ‘ಸೆಟ್ ಅಸೈಡ್’ ಮಾಡಿದ್ದಾರೆ ಎಂಬುದನ್ನು ಕಂಡು, ‘ತಾತ, ನಿಮ್ಮ ಡಿಕ್ರಿಯನ್ನು ಪಕ್ಕಕ್ಕೆ ಎತ್ತಿಟ್ಟಿದ್ದಾರಂತೆ’ ಎಂದನು. ಹಿರಿಯರಿಗೆ ಸಮಾಧಾನವಾಯಿತು. ಮನೆಯಲ್ಲಿ ಒಳ್ಳೆಯ ಬೀಜವನ್ನೂ ಹಬ್ಬದ ಬೆಲ್ಲವನ್ನೂ ಪಕ್ಕಕ್ಕೆ ಎತ್ತಿಡುತ್ತಾರಲ್ಲವೆ? ತಮ್ಮ ಡಿಕ್ರಿಯೂ ಹಾಗೆ ಭದ್ರವಾಗಿದೆ, ಮುಂದೆ ಕರೆದಾಗ ಹೋದರಾಯಿತು ಎಂದು ಅವರು ಸುಮ್ಮನಿದ್ದರು.

ಮೊಮ್ಮಗನನ್ನು ಮೂರ್ಖನೆನ್ನುವ ಹಾಗಿಲ್ಲ. ಇಂಗ್ಲಿಷಿನ ಮನೆಮಾತಿನಲ್ಲಿ ಹಣವನ್ನು ‘ಸೆಟ್ ಅಸೈಡ್’ ಮಾಡುವುದೆಂದರೆ ಮುಂದಿನ ಅಗತ್ಯಕ್ಕಾಗಿ ಜೋಪಾನವಾಗಿ ಎತ್ತಿಡುವುದೇ ಸರಿ. ಅದೇ ಮಾತು ನ್ಯಾಯಾಲಯದ ಹೊಸ್ತಿಲನ್ನು ದಾಟಿದೊಡನೆ ಅರ್ಥವು ತಲೆಕೆಳಗಾಗುತ್ತದೆ. ಅಲ್ಲಿ ಅದರ ಅರ್ಥ ‘ರದ್ದುಪಡಿಸು’. ಅಡಿಗೆಮನೆಯಲ್ಲಿ ಉಳಿಸುವ ಮಾತು ಕಚೇರಿಯಲ್ಲಿ ಅಳಿಸುವ ಮಾತಾಗುತ್ತದೆ. ಅಪೀಲಿನ ಡಿಕ್ರಿಯ ಮೇಲೆ ಹೈಕೋರ್ಟಿಗೆ ಹೋಗಲು ಕಾಯಿದೆ ಕೊಡುವ ಅವಧಿ 90 ದಿನಗಳು. ಹಿರಿಯರು ಬೇರೊಂದು ಕೆಲಸಕ್ಕೆಂದು ಪೇಟೆಗೆ ಬಂದು ವಕೀಲರನ್ನು ಕಂಡಾಗ ಆ ಅವಧಿ ಮುಗಿದು ವಾರಗಳೇ ಕಳೆದಿದ್ದವು. ವಿಳಂಬವನ್ನು ಮನ್ನಿಸಬೇಕೆಂದು ಅವರು ಬೇರೊಂದು ಅರ್ಜಿಯನ್ನು ಹಾಕಿಕೊಳ್ಳಬೇಕಾಯಿತು. ವಿಳಂಬಕ್ಕೆ ಕಾರಣವೇನೆಂದು ಬರೆಯಬೇಕೆಂದು ವಕೀಲರು ಕೇಳಿದಾಗ, ಆ ಹಿರಿಯರು ಮೊಮ್ಮಗನ ಮುಖವನ್ನು ನೋಡಿ, ‘ನಮಗೆ ಖಾಯಿಲೆಯಾಗಿತ್ತು ಎಂದು ಬರೆಯಿರಿ’ ಎಂದರು. ಹುಡುಗನು ತಲೆಯನ್ನು ಮೇಲಕ್ಕೆತ್ತಲಿಲ್ಲ. ವಕೀಲರು ಸುಳ್ಳನ್ನು ಬರೆಯಲೊಪ್ಪದೆ, ನಡೆದದ್ದನ್ನು ನಡೆದಂತೆಯೇ ಬರೆದರು. ಅರ್ಜಿ ಮಂಜೂರಾಯಿತು; ಆದರೆ ಆ ನಾಲ್ಕಾರು ತಿಂಗಳು ಆ ಮನೆಯವರು ನೆಮ್ಮದಿಯಿಂದ ಉಂಡದ್ದನ್ನು ನಾವು ಕಾಣಲಿಲ್ಲ.

ಇದೊಂದೇ ಅಲ್ಲ. ‘ಸೆಟ್ ಆಫ್’ ಎಂಬುದು ಪ್ರಯಾಣಿಕನಿಗೆ ಹೊರಡುವುದಾದರೆ, ಲೆಕ್ಕದವನಿಗೆ ಕೊಡಬೇಕಾದುದರಲ್ಲಿ ಬರಬೇಕಾದುದನ್ನು ಕಳೆಯುವುದು. ಅಪರಾಧಿಗೆ, ವಿಚಾರಣೆಯ ಕಾಲದಲ್ಲಿ ಸೆರೆಯಲ್ಲಿ ಕಳೆದ ದಿನಗಳನ್ನು ಶಿಕ್ಷೆಯ ಅವಧಿಯಲ್ಲಿ ವಜಾ ಮಾಡುವುದು. ಒಬ್ಬ ಮನುಷ್ಯನು ಮನೆಗೆ ಹಿಂತಿರುಗುವ ದಿನವು ಈ ಎರಡು ಪುಟ್ಟ ಮಾತುಗಳನ್ನು ಅವಲಂಬಿಸಿರಬಹುದು. ಇಂಥ ಕಾಗದಗಳನ್ನು ಕನ್ನಡಕ್ಕೆ ತರುವವರು ‘ಬದಿಗಿರಿಸಲಾಗಿದೆ’ ಎಂಬ ಮಾತಿಗೆ ಮಾತನ್ನು ಕೂರಿಸಿದರೆ ಸಾಲದು. ಅರ್ಥಕ್ಕೆ ಅರ್ಥವನ್ನು ಕೂರಿಸಬೇಕು.

ಇಷ್ಟನ್ನು ಕೇಳಿದವರಿಗೆ ಇಂಗ್ಲಿಷ್ ಬಲು ಸಂಪದ್ಭರಿತವಾದ ಭಾಷೆ, ನಮ್ಮದು ಬಡಭಾಷೆ ಎಂಬ ಭಾವನೆ ಬಂದರೆ ನಮ್ಮ ಭಾಷಣ ವ್ಯರ್ಥವಾದಂತೆ. ಆಂಗ್ಲೇಯನೊಬ್ಬನು ಕನ್ನಡವನ್ನು ಕಲಿಯಲು ಕುಳಿತು, ತನ್ನ ಹಾಳೆಯ ನಡುವೆ ಗೆರೆಯೆಳೆದು, ‘ಕಟ್ಟು’ ಎಂಬುದರ ಎದುರಿಗೆ ‘ಟೈ’ ಎಂದು ಬರೆದುಕೊಂಡನೆನ್ನೋಣ. ಹಸುವನ್ನು ಕಟ್ಟುವವರೆಗೆ ಅವನಿಗೆ ತೊಂದರೆಯಿಲ್ಲ. ಆಮೇಲೆ ನಾವು ಮನೆಯನ್ನು ಕಟ್ಟುತ್ತೇವೆ, ಕೆರೆಯನ್ನು ಕಟ್ಟುತ್ತೇವೆ, ಕಂದಾಯವನ್ನು ಕಟ್ಟುತ್ತೇವೆ, ಬುತ್ತಿಯನ್ನು ಕಟ್ಟುತ್ತೇವೆ, ಕತೆಯನ್ನು ಕಟ್ಟುತ್ತೇವೆ, ಪಂಥವನ್ನು ಕಟ್ಟುತ್ತೇವೆ, ವೇಷವನ್ನು ಕಟ್ಟುತ್ತೇವೆ. ನೆಗಡಿಯಾದರೆ ಮೂಗು ಕಟ್ಟುತ್ತದೆ, ನಿಂತ ನೀರಿನಲ್ಲಿ ಪಾಚಿ ಕಟ್ಟುತ್ತದೆ, ಹಣ್ಣಾಗದ ಗಾಯದಲ್ಲಿ ಕೀವು ಕಟ್ಟುತ್ತದೆ. ಪಾಪ, ಆ ಆಂಗ್ಲೇಯನ ಹಗ್ಗ ಎಷ್ಟಕ್ಕೆಂದು ಸಾಲಬೇಕು? ವಿನೋದವೆಂದರೆ, ಹೂವು ಕಾಯಿಕಟ್ಟಿದರೂ ಹಾಲು ಹೆಪ್ಪುಗಟ್ಟಿದರೂ ಅವನು ‘ಸೆಟ್’ ಎಂಬ ಮಾತನ್ನೇ ನೆನೆಯಬೇಕು. ಅವನ ಅತ್ಯಂತ ಸಂಪನ್ನವಾದ ಮಾತೂ ನಮ್ಮ ಅತ್ಯಂತ ಸಂಪನ್ನವಾದ ಮಾತೂ ಒಂದು ಮೊಸರಿನ ಗಡಿಗೆಯಲ್ಲಿ ಸಂಧಿಸುತ್ತವೆ.

ಇಂಥ ಕಷ್ಟವನ್ನು ನಿಜವಾಗಿ ಪಟ್ಟವರಿಗೆ ನಾವು ಕೃತಜ್ಞರಾಗಿರಬೇಕು. ವಿಲಿಯಂ ರೀವ್ ಎಂಬವರು 1824ರಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೂ 1832ರಲ್ಲಿ ಕನ್ನಡದಿಂದ ಇಂಗ್ಲಿಷಿಗೂ ನಿಘಂಟುಗಳನ್ನು ಅಚ್ಚುಮಾಡಿಸಿದರು. ಜರ್ಮನಿಯಿಂದ ಬಂದ ಫರ್ಡಿನಾಂಡ್ ಕಿಟ್ಟೆಲ್ಲರು ದಶಕಗಳ ಕಾಲ ದುಡಿದು 1894ರಲ್ಲಿ ತಮ್ಮ ಮಹಾನಿಘಂಟನ್ನು ಮಂಗಳೂರಿನಲ್ಲಿ ಪ್ರಕಟಿಸಿದರು. ನಮ್ಮವರೇ ಸೇರಿ ರಚಿಸಿದ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು ಎಂಟು ಸಂಪುಟಗಳಲ್ಲಿ 1995ರಲ್ಲಿ ಪೂರ್ಣವಾಯಿತು. ಶಾಸನಗಳಿಂದಲೂ ಕಾವ್ಯಗಳಿಂದಲೂ ಉದಾಹರಣೆಗಳನ್ನು ಆರಿಸಿ, ಮಾತಿನ ಇತಿಹಾಸವನ್ನು ತೋರಿಸುವ ಕ್ರಮವೇ ಅಲ್ಲಿಯದೂ. ಆದರೆ ನಮ್ಮ ವಿದ್ಯಾವಂತರ ಮನೆಗಳಲ್ಲಿ ಇಂಗ್ಲಿಷಿನ ನಿಘಂಟು ಇರುವಷ್ಟು ಸಹಜವಾಗಿ ಕನ್ನಡದ ನಿಘಂಟು ಇರುವುದಿಲ್ಲ. ಕನ್ನಡ ತಿಳಿದೇ ಇದೆ, ಹುಡುಕುವುದೇನಿದೆ ಎಂದುಕೊಳ್ಳುತ್ತೇವೆ. ಹುಡುಕಬೇಕಾದುದು ಕಠಿನವಾದ ಮಾತುಗಳಲ್ಲಲ್ಲ. ಇಡು, ಕಟ್ಟು, ಹಿಡಿ, ಬೀಳು, ತೆಗೆ ಎಂಬ ಮನೆಯಾಳುಗಳಂಥ ಮಾತುಗಳಲ್ಲಿ. ಭಾಷೆಯ ಭಾರವನ್ನೆಲ್ಲ ಹೊರುವವು ಅವು. ದೊಡ್ಡ ಮಾತುಗಳು ಹಬ್ಬದ ದಿನ ಮಾತ್ರ ಹೊರಬರುವ ಬೆಳ್ಳಿಯ ಪಾತ್ರೆಗಳು. ಇವು ದಿನವೂ ಬೆಂಕಿಯನ್ನು ಕಾಣುವ ಪಾತ್ರೆಗಳು.

ಮಕ್ಕಳಿಗೆ ಯಾವ ಭಾಷೆಯನ್ನಾದರೂ ಕಲಿಸುವವರಲ್ಲಿ ನಮ್ಮದೊಂದು ಸಣ್ಣ ವಿಜ್ಞಾಪನೆಯಿದೆ. ಹಾಳೆಯ ನಡುವಣ ಆ ಗೆರೆಯನ್ನು ಎಳೆಯಿಸದಿರೋಣ. ಒಂದು ಮಾತಿನ ಎದುರಿಗೆ ಒಂದು ಮಾತನ್ನು ಬರೆಯಿಸುವುದಕ್ಕೆ ಬದಲಾಗಿ ಒಂದು ವಾಕ್ಯದ ಎದುರಿಗೆ ಒಂದು ವಾಕ್ಯವನ್ನು ಬರೆಯಿಸೋಣ. ಮಾತಿನ ಅರ್ಥವೇನೆಂದು ಕೇಳುವುದಕ್ಕೆ ಮೊದಲು, ಅದು ಯಾರ ಮನೆಯಲ್ಲಿ, ಯಾರ ಪಕ್ಕದಲ್ಲಿ ಕುಳಿತಿದೆಯೆಂದು ಕೇಳುವ ಅಭ್ಯಾಸವನ್ನು ಮಾಡಿಸೋಣ. ತಪ್ಪುತ್ತರ ಹೇಳಿದ ಹುಡುಗನನ್ನು ನೋಡಿ ನಗುವುದಕ್ಕೆ ಮುಂಚೆ, ನಮ್ಮ ಮೇಷ್ಟರು ಕೇಳಿದ ಹಾಗೆ, ‘ಏನನ್ನು ಇಟ್ಟನಪ್ಪ?’ ಎಂದು ಒಂದು ಪ್ರಶ್ನೆಯನ್ನು ಕೇಳೋಣ. ಆ ದಿನ ತರಗತಿಯಲ್ಲಿ ನಕ್ಕವರ ಪೈಕಿ ನಾವೂ ಒಬ್ಬರೆಂಬುದನ್ನು ಈ ಸಂದರ್ಭದಲ್ಲಿ ಒಪ್ಪಿಕೊಂಡು, ಇಲ್ಲಿಗೆ ಈ ಮಾತನ್ನು ಮುಗಿಸುತ್ತೇವೆ.